ಎರಡು ಕಿಲೋಮೀಟರ್ ಜಾಸ್ತಿ

ಕೊಲ್ಹಾರದಲ್ಲಿ ನಮ್ಮವರು ಅಂತ ಯಾರೂ ಇಲ್ಲ.
ನನ್ನ ತವರು ಇಂಡಿ ಕಡೆ, ಅವನ ಮಂದಿ ಹುನಗುಂದದವರು.
ಆದರೂ ಇಲ್ಲೇ ಮನೆ ಹಿಡಿದೆವು.
ನನ್ನ ಕೆಲಸ ವಿಜಯಪುರದ ದವಾಖಾನೆಯಲ್ಲಿ, ಎಕ್ಸ್‌ರೇ ಕೋಣೆ;
ಬಂದೇನವಾಜನದು ಬಾಗಲಕೋಟೆ, ಸಿಮೆಂಟಿನ ಧೂಳು.
ನಿಕಾಹ್ ಆದ ವಾರಕ್ಕೇ ಒಂದು ದಾರದ ತುಂಡು ತಂದು
ನಕಾಶೆಯ ಮೇಲೆ ಅಳೆದ, ಮಡಚಿದ,
ಮಡಿಕೆ ಬಿದ್ದಲ್ಲಿ ಬೆರಳಿಟ್ಟು ಅಂದ:
"ಇಲ್ಲಿ. ಇಬ್ಬರಿಗೂ ಸಮ."

ಸಮ ಏನಿಲ್ಲ.
ಅವನ ಕಡೆ ಎರಡು ಕಿಲೋಮೀಟರ್ ಜಾಸ್ತಿ.
ಹೊಳೆ ಅವನ ಪಾಲಿಗೆ ಹೋಯಿತು,
ಹೊಳೆಯ ಮೇಲಿನ ಮುಗಿಯದ ಸೇತುವೆಯೂ.
ನನ್ನ ಪಾಲಿಗೆ ಮುಳವಾಡದ ಗಾಳಿ, ಹೊನಗನಹಳ್ಳಿ, ಜುಮನಾಳ,
ಮುಂದಿನ ಸೀಟಿನವನ ಕಿಟಕಿಯಿಂದ
ಹಿಂದಕ್ಕೆ ಹಾರಿ ಬರುವ ಎಲೆಅಡಿಕೆಯ ಹನಿ.

ಬೆಳಿಗ್ಗೆ ಆರೂವರೆಗೆ
ರಸ್ತೆಯ ಆ ಬದಿ ಅವನು, ಈ ಬದಿ ನಾನು.
ಕಬ್ಬಿನ ಟ್ರ್ಯಾಕ್ಟರ್ ಹಾಯುವ ತನಕ ಸಂಸಾರ ನಿಂತಿರುತ್ತದೆ.
ಗ್ಯಾಸ್ ಬಂದ್ ಮಾಡಿದೆಯಾ?
ಕೈ ತಿರುವಿ ಕೇಳುತ್ತಾನೆ. ತಲೆ ಆಡಿಸುತ್ತೇನೆ.
ಆಮೇಲೆ ಎರಡು ಬೆರಳು ಎತ್ತುತ್ತಾನೆ, ದಿನಾ,
ಬಾಕಿ ಬರೆದಿಟ್ಟುಕೋ ಅನ್ನುವ ಹಾಗೆ.
ಬರೆದಿಟ್ಟಿದ್ದರೆ
ಆರು ವರ್ಷದ ಆ ಎರಡೆರಡು ಕೂಡಿಸಿ
ಹಜ್ಜಿಗೆ ಹೋಗಿ ಬರಬಹುದಿತ್ತು.

"ದಿನಾ ಅಷ್ಟು ದೂರ ಯಾಕ? ಇಲ್ಲೇ ಒಂದು ರೂಮ್ ಮಾಡಬಾರದಾ?"
ಸಿಸ್ಟರ್ ಫ್ಲೋರಿನಾ ಕೇಳುತ್ತಾಳೆ, ತಿಂಗಳಿಗೊಮ್ಮೆ.
ಬಾಡಿಗೆ ಹೆಚ್ಚು, ಅನ್ನುತ್ತೇನೆ.
ಇನ್ನೊಮ್ಮೆ, ನೀರಿನ ತಾಪತ್ರಯ.
ಮತ್ತೊಮ್ಮೆ, ರಾತ್ರಿ ಅವನಿಗೆ ಕೆಮ್ಮು, ಒಬ್ಬನೇ ಇರಲಾರ.
ಸುಳ್ಳು ಯಾವುದೂ ಅಲ್ಲ.
ಪೂರ್ತಿ ಖರೆಯೂ ಯಾವುದಲ್ಲ.

ಮನೆ ಮಾಲಕಿ ಶಂಕ್ರೆವ್ವ
ಮೂವತ್ತು ವರ್ಷ ನಸುಕಿನ ಬಸ್ಸಿಗೆ
ಮೊಸರಿನ ಗಡಿಗೆ ಹೇರಿಕೊಂಡು ವಿಜಾಪುರಕ್ಕೆ ಹೋದವಳು.
ನೀವ್ಯಾಕ ಅಷ್ಟು ದೂರ ಹೋಗ್ತಿದ್ರಿ, ಎಂದೆ.
"ಈ ಊರಾಗ ಎಲ್ಲಾರ ಮನ್ಯಾಗೂ ಮೊಸರೈತಿ, ತಂಗಿ.
ಇಲ್ಲದಲ್ಲಿಗೇ ಹೋಗಬೇಕಲ್ಲ."
ಅಷ್ಟು ಹೇಳಿ ಕೈಯಲ್ಲಿದ್ದ ಗಡಿಗೆ ಬೋರಲು ಹಿಡಿದಳು.
ಒಂದು ಹನಿ ಕೆಳಗೆ ಬೀಳಲಿಲ್ಲ.
"ಈಗೂ ಹೋಗ್ತೀನಿ. ಬ್ಯಾಸಿಗ್ಯಾಗ ಹಿನ್ನೀರು ಇಳಿದಾಗ
ಹಳೆ ಊರಿನ ನನ್ನ ಒಲಿಗುಂಡು ನೋಡಾಕ.
ಅದಕ್ಕ ಪಗಾರ ಯಾರೂ ಕೊಡೂದಿಲ್ಲ."

ಬಸ್ಸಿನಲ್ಲಿ ಸವೆದ ಬೆನ್ನು
ಫಿಲ್ಮಿನ ಮೇಲೆ ನನಗೆ ಗುರುತು ಸಿಗುತ್ತದೆ.
ಕೆಳಗಿನ ಎರಡು ಮಣಿಗಳು ಹತ್ತಿರ ಬಂದಿರುತ್ತವೆ.
ಅವುಗಳ ನಡುವೆ ಒಂದು ಮೆತ್ತನೆಯದು ಇರುತ್ತದಲ್ಲ,
ಎಲುಬಿಗೆ ಎಲುಬು ತಿಕ್ಕದಂತೆ,
ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.
ಕರಿ ಸಂದು ಅಷ್ಟೇ ಕಾಣುತ್ತದೆ.
ರೋಗಿಗಳಿಗೆ ಹೇಳುತ್ತೇನೆ: ಅಲ್ಲಿ ಏನೂ ಇಲ್ಲ ಅಂತ ತಿಳಿಯಬೇಡ್ರಿ.

ಈಗ ಬಾಗಲಕೋಟೆ ನವನಗರದಲ್ಲಿ ಒಂದು ಜಾಗ ಖಾಲಿ ಇದೆಯಂತೆ.
ವರ್ಗಾವಣೆಯ ಅರ್ಜಿ ಹನ್ನೊಂದು ದಿನದಿಂದ ಬ್ಯಾಗಿನಲ್ಲಿದೆ,
ಸಹಿ ಇಲ್ಲದೆ, ಡಬ್ಬಿಯ ಪಲ್ಯದ ಎಣ್ಣೆ ಹತ್ತಿಸಿಕೊಂಡು.
ಹೋದರೆ ದಿನಕ್ಕೆ ಮೂರು ತಾಸು ಉಳಿಯುತ್ತದೆ.
ಮೂರು ತಾಸು!
ಅಷ್ಟರಲ್ಲಿ ಏನು ಮಾಡುವುದೆಂದು
ಕಿಟಕಿಗೆ ತಲೆ ಕೊಟ್ಟು ಯೋಚಿಸಿದ್ದೇನೆ,
ಹೋಗುವಾಗ ಒಂದೂವರೆ ತಾಸು, ಬರುವಾಗ ಒಂದೂವರೆ.
ಅಲ್ಲಿ ರಸ್ತೆಯ ಒಂದೇ ಬದಿ ಇಬ್ಬರೂ ನಿಲ್ಲಬೇಕು.
ಕೈ ತಿರುವುವ ಹಾಗಿಲ್ಲ, ಬಾಯಿಂದಲೇ ಕೇಳಬೇಕು,
ಉತ್ತರ ಕೇಳಿಸಿಲ್ಲ ಅನ್ನಲು ಲಾರಿ ಇರುವುದಿಲ್ಲ.

ಅವನಿಗೆ ಇನ್ನೂ ಹೇಳಿಲ್ಲ.

ಇವತ್ತು ಅವನ ಬಸ್ಸು ಮೊದಲು ಬಂತು.
ಕಿಟಕಿಯಲ್ಲಿ ಎರಡು ಬೆರಳು.
ನಾನು ಮೂರು ಎತ್ತಿದೆ.
ಹುಬ್ಬು ಗಂಟಿಕ್ಕಿದ,
ಏನು ಅಂತ ಕೇಳಲು ಗಾಜು ಸರಿಸುತ್ತಿದ್ದ.
ಬಸ್ಸು ಹೊಳೆಯ ಕಡೆ ಹೊರಟಿತ್ತು.